ದೀಪಾವಳಿಗೆ ಸುಣ್ಣ, ಯುಗಾದಿಗೆ ಬಣ್ಣ

ಹರಿಹರ ತಾಲ್ಲೂಕಿನ ಹೊಳೆಸಾಲಿಗೆ ನೆರೆ ಬರಬೇಕಾದರೆ ಅಲ್ಲಿ ಮಳೆ ಆಗಲೇಬೇಕೆಂದಿಲ್ಲ. ನಂದಿಗುಡಿ, ಗೋವಿನಹಾಳು, ಉಕ್ಕಡಗಾತ್ರಿ ಕಡೆ ಬಿಸಿಲು ಹೊಡೆಯುತ್ತಿರುತ್ತದೆ, ಜನ ಭತ್ತದ ನಾಟಿಗೆ ಗದ್ದೆ ಹದ ಮಾಡುತ್ತಿರುತ್ತಾರೆ. ಅತ್ತ ಆಗುಂಬೆ, ಶೃಂಗೇರಿ ಸೀಮೆಯಲ್ಲಿ ನಾಲ್ಕು ದಿನದಿಂದ ಜಡಿ ಹಿಡಿದಿರುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆಯ ಹೊಟ್ಟೆ ಸಣ್ಣದು, ಬರೀ 3.24 ಟಿಎಂಸಿ. ಮುಂಗಾರು ಜೋರಾದ ಕೂಡಲೇ ತುಂಬುತ್ತದೆ, ಗೇಟು ಎತ್ತುತ್ತಾರೆ. ಲಕ್ಕವಳ್ಳಿಯ ಭದ್ರಾ ಹಾಗಲ್ಲ, 71.5 ಟಿಎಂಸಿ ನುಂಗಿಕೊಂಡು ಕೂತಿರುತ್ತದೆ. ಅದೂ ತುಂಬಿ ಹೊರಬಿಟ್ಟ ವರ್ಷ ಕೂಡ್ಲಿಯಲ್ಲಿ ಎರಡೂ ಹೊಳೆ ಕೂಡಿ ಹೊನ್ನಾಳಿ ದಾಟಿ ಬರುವ ನೀರಿಗೆ ದಡ ಎಂಬುದು ಇರುವುದಿಲ್ಲ. ಉಕ್ಕಡಗಾತ್ರಿಯ ಸ್ನಾನಘಟ್ಟ ಮುಳುಗುವುದು, ಅಲ್ಲಿನ ರಸ್ತೆ ಮೇಲೆ ನೀರು ಬಂದು ಸಂಪರ್ಕ ಕಡಿಯುವುದು, ಹರಿಹರದ ಗಂಗಾನಗರದವರು ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗುವುದು, ಇವೆಲ್ಲ ಈ ಭಾಗದ ಪತ್ರಿಕೆ ಓದುವವರಿಗೆ ಹೊಸ ಸುದ್ದಿಯೇನಲ್ಲ.

ಸುದ್ದಿ ಅಲ್ಲಿಗೆ ಮುಗಿಯುತ್ತದೆ. ನೀರು ಇಳಿದ ಮೇಲಿನ ಆರೆಂಟು ತಿಂಗಳು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಮನೆಯವರ ಕೈಯಿಂದ ದುಡ್ಡು ಹೋಗುವುದು ಆಗಲೇ. ನೀರು ಹೊಕ್ಕ ಮನೆಯ ದುರಸ್ತಿಗೆ ಎಷ್ಟು ಖರ್ಚು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ನೀರು ಮಾಡಿಸುವ ಖರ್ಚು ಒಂದು, ಅವಸರ ಮಾಡಿಸುವ ಖರ್ಚು ಇನ್ನೊಂದು. ಎರಡನೆಯದು ಅನೇಕ ಸಲ ಮೊದಲನೆಯದಕ್ಕಿಂತ ದೊಡ್ಡದು. ಅವಸರ ಮಾಡುವವರು ಮನೆಯವರಷ್ಟೇ ಅಲ್ಲ, ಸರ್ಕಾರವೂ ಹೌದು.

ಮೊದಲು ಗೋಡೆಯ ಸಂಗತಿ. ಇಟ್ಟಿಗೆ, ಗಾರೆ, ಮಣ್ಣು ಯಾವುದೇ ಇರಲಿ, ಒಳಗೆಲ್ಲ ಕೂದಲಿಗಿಂತ ಸಣ್ಣ ದಾರಿಗಳು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅವು ನೀರನ್ನು ಮೇಲಕ್ಕೆ ಎಳೆಯುತ್ತವೆ. ಮನೆಯೊಳಗೆ ನೀರು ನಿಂತದ್ದು ಎರಡೇ ಅಡಿ ಇದ್ದರೂ ವಾರದ ನಂತರ ಒದ್ದೆಯ ಗೆರೆ ಮೂರಡಿಗೆ, ಮೂರೂವರೆಗೆ ಏರಿರುತ್ತದೆ. ಹೊಳೆಯ ನೀರು ಇಳಿಯಿತೆಂದರೆ ಗೋಡೆಯ ನೀರು ಇಳಿಯಿತೆಂದು ಅರ್ಥವಲ್ಲ. ಅದು ಹೊರಗೆ ಹೋಗಬೇಕಾದರೆ ಇರುವುದು ಒಂದೇ ದಾರಿ, ಗೋಡೆಯ ಮೈಯಿಂದ ಆವಿಯಾಗಿ ಹೋಗುವುದು. ಹೋಗುವಾಗ ಅದು ಸುಮ್ಮನೆ ಹೋಗುವುದಿಲ್ಲ. ಮಣ್ಣಿನಲ್ಲಿ, ಇಟ್ಟಿಗೆಯಲ್ಲಿ ಇದ್ದ ಉಪ್ಪನ್ನು ಕರಗಿಸಿಕೊಂಡು ಬಂದು ಗೋಡೆಯ ಹೊರಮೈಯಲ್ಲಿ ಬಿಟ್ಟು ಹೋಗುತ್ತದೆ. ಬಿಳಿ ಹಿಟ್ಟು ಎರಚಿದಂತೆ ಕಾಣುವುದು ಅದೇ. ಆ ಉಪ್ಪು ಗಿಲಾವಿನ ಒಳಗೇ ಹರಳುಗಟ್ಟಿದರೆ ಹಿಗ್ಗಿ ಗಿಲಾವನ್ನು ಎಬ್ಬಿಸುತ್ತದೆ. ಬಣ್ಣ ಹಪ್ಪಳವಾಗಿ ಏಳುವುದು, ಕೈಯಿಟ್ಟರೆ ಮರಳು ಉದುರುವುದು ಹೀಗೆ.

ಹೊಳೆಸಾಲಿನ ಹಳೆಯ ಮನೆಗಳು ಹಲವು ಮಣ್ಣಿನ ಗೋಡೆಯವು, ಇಲ್ಲವೇ ಹಸಿ ಇಟ್ಟಿಗೆಯವು. ಒಂದೂವರೆ ಅಡಿ, ಎರಡು ಅಡಿ ದಪ್ಪ. ಒಣಗಿದ್ದಾಗ ಅಂಥ ಗೋಡೆಗೆ ಯಾವ ಭಯವೂ ಇಲ್ಲ. ಬುಡ ನೆಂದರೆ ಮಾತ್ರ ಅದರ ಶಕ್ತಿ ಕುಸಿದು ಹೋಗುತ್ತದೆ. ವಿಚಿತ್ರವೆಂದರೆ ನೀರು ಇರುವಷ್ಟು ದಿನ ನಿಂತಿದ್ದ ಗೋಡೆ ನೀರು ಹೋದ ಮೇಲೆ ಬೀಳುತ್ತದೆ. ಎರಡೂ ಕಡೆ ನೀರು ಒತ್ತಿ ಹಿಡಿದಿದ್ದ ಬುಡಕ್ಕೆ ಈಗ ಆ ಆಸರೆ ಇಲ್ಲ, ಮೇಲೆ ಮಾಳಿಗೆಯ ಭಾರ ಹಾಗೇ ಇದೆ. ಮೇಲೆ ಬಿಸಿಲು ಬಿದ್ದು ಹೊರಮೈ ಬೇಗ ಒಣಗಿ ಬಿರಿಯುತ್ತದೆ, ಒಳಗಿನ್ನೂ ರಾಡಿ. "ಹೊಳಿ ಇದ್ದಾಗ ಬೀಳ್ಲಿಲ್ಲ, ಬಿಸಿಲಿಗೆ ಬಿತ್ತು ನೋಡ್ರಿ" ಎಂಬ ಮಾತು ಅದಕ್ಕೇ ಹುಟ್ಟಿದ್ದು. ಕಾಳಜಿ ಕೇಂದ್ರದಿಂದ ಮನೆಗೆ ಬಂದು ಆ ಗೋಡೆಯ ಮಗ್ಗುಲಲ್ಲೇ ಹಾಸಿಗೆ ಹಾಸುವವರು ಇದನ್ನು ನೆನಪಿಡಬೇಕು. ಮಣ್ಣಿನ ಗೋಡೆಯಿದ್ದರೆ ನೀರಿಳಿದ ಮೇಲೆ ಎರಡು ಮೂರು ವಾರ ಮಲಗುವ ಜಾಗ ಬೇರೆ ಇರಲಿ. ತೊಲೆಗೆ ಒಂದೆರಡು ಬಲವಾದ ಮರದ ಕಂಬ ಆನಿಸಿ ಕೊಡುವುದಕ್ಕೆ ಹೆಚ್ಚು ಖರ್ಚಿಲ್ಲ.

ಸರ್ಕಾರದ ಸಮೀಕ್ಷೆ ನಡೆಯುವುದು ಯಾವಾಗ? ನೀರಿಳಿದ ಮೊದಲ ವಾರದಲ್ಲಿ. ಕಂದಾಯ ಇಲಾಖೆಯವರು, ಪಂಚಾಯ್ತಿಯವರು, ಎಂಜಿನಿಯರು ಜಂಟಿಯಾಗಿ ಬಂದು ಮನೆ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಶೇಕಡಾ ಎಷ್ಟು ಹಾನಿ ಎಂದು ಬರೆದುಕೊಳ್ಳುತ್ತಾರೆ. ಆ ಶೇಕಡಾವಾರಿನ ಮೇಲೆ ಎಲ್ಲ ನಿಂತಿದೆ. 2019ರ ಆಗಸ್ಟ್ ನೆರೆಯಲ್ಲಿ ರಾಜ್ಯ ಸರ್ಕಾರ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತ್ತು. ಶೇಕಡಾ 75ಕ್ಕಿಂತ ಹೆಚ್ಚು ಹಾನಿಯಾದ ಎ ವರ್ಗಕ್ಕೆ 5 ಲಕ್ಷ ರೂಪಾಯಿ. 25ರಿಂದ 75ರವರೆಗಿನ ಬಿ ವರ್ಗದವರು ಕೆಡವಿ ಕಟ್ಟಿದರೆ 5 ಲಕ್ಷ, ದುರಸ್ತಿಯಾದರೆ 3 ಲಕ್ಷ. 15ರಿಂದ 25ರವರೆಗಿನ ಸಿ ವರ್ಗಕ್ಕೆ 50 ಸಾವಿರ. ನೀರು ನುಗ್ಗಿದ ಮನೆಗೆ ತಕ್ಷಣದ ಪರಿಹಾರ 10 ಸಾವಿರ. ಅದುವರೆಗಿನ ಲೆಕ್ಕಕ್ಕೆ ಹೋಲಿಸಿದರೆ ಇದು ದೊಡ್ಡ ಕೈ. ಆದರೆ ಅದು ರಾಜ್ಯ ತನ್ನ ಬೊಕ್ಕಸದಿಂದ ಸೇರಿಸಿ ಕೊಟ್ಟ ಆ ಹೊತ್ತಿನ ತೀರ್ಮಾನ. ಪ್ರತಿ ನೆರೆಗೂ ಅಷ್ಟೇ ಸಿಗುತ್ತದೆಂಬ ಭರವಸೆ ಇಲ್ಲ.

ಕಾಯಂ ಇರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯ ದರಪಟ್ಟಿ. 2022ರಲ್ಲಿ ಕೇಂದ್ರ ಪರಿಷ್ಕರಿಸಿ 2026ರ ಮಾರ್ಚ್‌ವರೆಗೆ ಎಂದು ಹೊರಡಿಸಿದ ಪಟ್ಟಿಯನ್ನು ಒಮ್ಮೆ ಓದಿದರೆ ನಮ್ಮ ಮನೆಗಳ ಬೆಲೆ ದೆಹಲಿಯ ಕಣ್ಣಿಗೆ ಎಷ್ಟು ಎಂದು ಗೊತ್ತಾಗುತ್ತದೆ. ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಕನಿಷ್ಠ ಶೇಕಡಾ 15 ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಗುಡಿಸಲಿಗೆ 8,000. ಮನೆಗೆ ಸೇರಿದ ದನದ ಕೊಟ್ಟಿಗೆಗೆ 3,000. ಬಟ್ಟೆ ಹೋಗಿದ್ದಕ್ಕೆ 2,500, ಪಾತ್ರೆ ಪಗಡಕ್ಕೆ 2,500. ಈ ಕೊನೆಯ ಎರಡಕ್ಕೆ ಮನೆ ಕೊಚ್ಚಿ ಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ನೀರಲ್ಲಿ ಮುಳುಗಿರಬೇಕು. ರಾತ್ರಿ ಬಂದು ಮರುದಿನ ಸಂಜೆ ಇಳಿದ ನೀರೇನು ಸೀರೆ, ಪಂಚೆ, ಮಕ್ಕಳ ಪುಸ್ತಕ ಬಿಟ್ಟು ಹೋಗುತ್ತದೆಯೇ?

ಗೋಡೆ ನಿಂತಿದೆ, ಮಾಳಿಗೆ ನಿಂತಿದೆ, ಬುಡದ ಮೂರೂವರೆ ಅಡಿ ನೀರು ಕುಡಿದು ಕೂತಿದೆ. ಸಮೀಕ್ಷೆಗೆ ಬಂದವರ ಕಣ್ಣಿಗೆ ಹಾನಿ ಕಾಣುವುದಿಲ್ಲ. ಶೇಕಡಾ 15 ತಲುಪದಿದ್ದರೆ ಸೊನ್ನೆ. ತಲುಪಿದರೆ 6,500. ಈ 6,500ಕ್ಕೆ ಏನಾಗುತ್ತದೆ, ಒಂದು ಕೋಣೆಯ ಲೆಕ್ಕ ಹಾಕಿ ನೋಡೋಣ. ನಾನು ಹಿಡಿಯುವ ಕೂಲಿ, ದರ ನಿಮ್ಮೂರಲ್ಲಿ ಸ್ವಲ್ಪ ಆಚೀಚೆ ಇದ್ದೀತು. ನೀವು ನಿಮ್ಮ ದರ ಹಾಕಿಕೊಳ್ಳಿ, ಲೆಕ್ಕದ ದಾರಿ ಮಾತ್ರ ಇದೇ.

ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆ, ಎತ್ತರ ಹತ್ತು ಅಡಿ. ನಾಲ್ಕು ಗೋಡೆಯ ಸುತ್ತಳತೆ 44 ಅಡಿ. ನೆಂದ ಗಿಲಾವನ್ನು ಮೂರೂವರೆ ಅಡಿ ಎತ್ತರಕ್ಕೆ ಕೆರೆದು ತೆಗೆಯಬೇಕು ಎಂದರೆ 154 ಚದರ ಅಡಿ, ಬಾಗಿಲಿನ ಜಾಗ ಕಳೆದರೆ 140 ಎನ್ನಿ. ಗೌಂಡಿ ಮೊದಲು ಮಾಡುವ ಕೆಲಸ ಕರಣೆಯ ಹಿಡಿಯಿಂದ ಗೋಡೆಯನ್ನು ಗೇಣು ಗೇಣಿಗೂ ಬಡಿದು ಕೇಳುವುದು. ಗಿಲಾವು ಇಟ್ಟಿಗೆ ಹಿಡಿದುಕೊಂಡಿದ್ದರೆ ಗಟ್ಟಿ ಸದ್ದು, ಬಿಟ್ಟಿದ್ದರೆ ಡಬ್ ಎನ್ನುತ್ತದೆ. ಡಬ್ ಎಂದ ಕಡೆಯೆಲ್ಲ ಇಟ್ಟಿಗೆ ಚೂರಿನಿಂದ ಗೆರೆ ಎಳೆದು, ಕೊನೆಗೆ ಎಲ್ಲಕ್ಕಿಂತ ಮೇಲಿನ ಗೆರೆಯ ಮೇಲೆ ಇನ್ನೊಂದು ಗೇಣು ಸೇರಿಸಿ ನೇರವಾಗಿ ದಾರ ಹಿಡಿಯುತ್ತಾನೆ. ಹೀಗೆ ಬಡಿದು ನೋಡದೆ ಬರೀ ಕಣ್ಣಂದಾಜಿಗೆ ರೇಟು ಹೇಳುವವನಿಗೆ ಕೆಲಸ ಕೊಡದಿರುವುದು ಒಳ್ಳೆಯದು.

ಕೆರೆಯಲು ಇಬ್ಬರು ಆಳು ಒಂದು ದಿನ, ತಲೆಗೆ 600ರಂತೆ 1,200. ಕೆರೆದ ಕಸ ಸಾಗಿಸಲು 500. ಗಿಲಾವು ಮಾಡಲು ಗೌಂಡಿಗೆ 1,000, ಇಬ್ಬರು ಹೆಲ್ಪರ್‌ಗೆ 1,200, ಒಂದೂವರೆ ದಿನ ಹಿಡಿದರೆ 3,300. ಒಂದಕ್ಕೆ ಆರರ ಮಿಶ್ರಣದಲ್ಲಿ ಅರ್ಧ ಇಂಚು ದಪ್ಪದ ಗಿಲಾವಿಗೆ ನೂರು ಚದರ ಅಡಿಗೆ ಮುಕ್ಕಾಲು ಚೀಲದ ಹತ್ತಿರ ಸಿಮೆಂಟು, ಐದಾರು ಘನ ಅಡಿ ಮರಳು ಬೇಕು. ನಮ್ಮ 140 ಅಡಿಗೆ ಒಂದು ಚೀಲ ಸಿಮೆಂಟು ಎಂದರೆ 400, ಮರಳಿಗೆ ಸಾಗಣೆ ಸೇರಿ 500. ಇನ್ನು ಬಣ್ಣ. ಬುಡಕ್ಕೆ ಮಾತ್ರ ಬಣ್ಣ ಹೊಡೆದರೆ ಚೆಂದ ಕಾಣುವುದಿಲ್ಲವಲ್ಲ, ಇಡೀ ಗೋಡೆಗೇ ಹೊಡೆಯಬೇಕು. 440 ಚದರ ಅಡಿ. ಪುಟ್ಟಿ, ಪ್ರೈಮರ್, ಎರಡು ಕೈ ಬಣ್ಣ, ಕೂಲಿ ಎಲ್ಲ ಸೇರಿ ಅಡಿಗೆ 18 ಹಿಡಿದರೆ 7,920. ಒಟ್ಟು 13,820 ರೂಪಾಯಿ. ಒಂದೇ ಕೋಣೆಗೆ. ಇಡೀ ಪಕ್ಕಾ ಮನೆಗೆ ದೆಹಲಿಯ ಪಟ್ಟಿ ಕೊಡುವುದರ ಎರಡರಷ್ಟಕ್ಕಿಂತ ಹೆಚ್ಚು.

ಈ ಲೆಕ್ಕದಲ್ಲಿ ಸಿಮೆಂಟಿನ ಪಾಲು ನೋಡಿ, ಬರೀ 400. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಾಗ ಮನೆ ಕಟ್ಟುವವರಿಗೆ ದೊಡ್ಡ ಅನುಕೂಲ ಎಂದರು. ಹೊಸ ಮನೆ ಕಟ್ಟುವವರಿಗೆ ಹೌದು. ನಮ್ಮ ಈ ಕೋಣೆಯವರಿಗೆ ಅದರಿಂದ ಉಳಿಯುವುದು 30 ರೂಪಾಯಿ. ದುರಸ್ತಿಯ ಖರ್ಚಿನಲ್ಲಿ ಸಾಮಾನಿನದು ಕಡಿಮೆ. ಹೆಚ್ಚಿನದು ಕೂಲಿ, ಅದಕ್ಕಿಂತ ಹೆಚ್ಚಿನದು ಬಣ್ಣ. ಅರ್ಧಕ್ಕಿಂತ ಹೆಚ್ಚು ದುಡ್ಡು ಬಣ್ಣಕ್ಕೇ ಹೋಗುತ್ತಿದೆ ಎಂದ ಮೇಲೆ ಬಣ್ಣವನ್ನು ಯಾವಾಗ ಹೊಡೆಸುತ್ತೀರಿ ಎಂಬುದೇ ಮುಖ್ಯ ಪ್ರಶ್ನೆ.

ನಮ್ಮಲ್ಲಿ ಬಣ್ಣಕ್ಕೆ ಮುಹೂರ್ತ ಇಡುವುದು ಹಬ್ಬ. ಹೊಳೆ ಏರುವುದು ಜುಲೈ, ಆಗಸ್ಟ್‌ನಲ್ಲಿ. ಹಿಂದೆಯೇ ಗಣೇಶ ಚೌತಿ, ಮಹಾನವಮಿ, ಅದರ ಹಿಂದೆ ದೀಪಾವಳಿ. ಹಬ್ಬಕ್ಕೆ ಮನೆ ಹೀಗೆ ಇರಬಾರದು, ಬೀಗರು ಬರುತ್ತಾರೆ, ಲಕ್ಷ್ಮೀಪೂಜೆ ಮಾಡಬೇಕು ಎಂದು ಸೆಪ್ಟೆಂಬರ್‌ನಲ್ಲೇ ಪೇಂಟರ್‌ಗೆ ಮುಂಗಡ ಕೊಡುತ್ತಾರೆ. ನೆಂದ ಗೋಡೆ ಒಣಗುವ ವೇಗಕ್ಕೆ ಕಟ್ಟಡದವರಲ್ಲಿ ಒಂದು ಅಂದಾಜಿನ ಲೆಕ್ಕವಿದೆ: ದಪ್ಪದ ಪ್ರತಿ ಇಂಚಿಗೆ ಒಂದು ತಿಂಗಳು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎರಡೂ ಕಡೆಯಿಂದ ಒಣಗುತ್ತದೆ ಎಂದು ಹಿಡಿದರೂ ನಾಲ್ಕೂವರೆ ತಿಂಗಳು ಬೇಕು. ಆಗಸ್ಟ್ ಮೊದಲ ವಾರದಲ್ಲಿ ನೆಂದರೆ ಡಿಸೆಂಬರ್ ನಡುವಿಗೆ. ಈ ಲೆಕ್ಕ ಇಂಗ್ಲೆಂಡಿನ ಚಳಿಯ ಹವೆಯಲ್ಲಿ ಹುಟ್ಟಿದ್ದು, ನಮ್ಮ ಬಿಸಿಲಿಗೆ ಸ್ವಲ್ಪ ಬೇಗ ಆದೀತು ಎನ್ನಬಹುದು. ಆದರೆ ಆಗಸ್ಟ್, ಸೆಪ್ಟೆಂಬರ್‌ನ ಮೋಡ, ತೇವದ ಗಾಳಿ, ಮೇಲೆ ಅಕ್ಟೋಬರ್‌ನ ಹಿಂಗಾರು ಎಲ್ಲ ಸೇರಿ ಆ ಲಾಭವನ್ನು ತಿಂದು ಹಾಕುತ್ತವೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಂತೂ ಯುಗಾದಿ ಬಂದರೂ ಬೇಗ ಎಂದೇ ಹೇಳಬೇಕು.

ಮಹಾನವಮಿಗೆ ಹೊಡೆಸಿದ ಬಣ್ಣ ಏನಾಗುತ್ತದೆ? ಹಳ್ಳಿಯ ಮನೆಗಳಲ್ಲಿ ಸೊಂಟದ ಎತ್ತರದವರೆಗೆ ಆಯಿಲ್ ಪೇಂಟ್ ಹೊಡೆಸುವುದು ವಾಡಿಕೆ, ಮಕ್ಕಳು ಕೈ ಹಚ್ಚಿದರೂ ಒರೆಸಬಹುದು ಎಂದು. ನೀರು ಕುಡಿದಿರುವುದೂ ಸರಿಯಾಗಿ ಅದೇ ಭಾಗ. ಆಯಿಲ್ ಪೇಂಟ್ ಎಂದರೆ ಗೋಡೆಯ ಮೂಗು ಬಾಯಿ ಮುಚ್ಚಿದಂತೆಯೇ. ಒಳಗಿನ ತೇವ ಹೊರಬರಲಾರದೆ ಬಣ್ಣದ ಹಿಂದೆ ಕೂಡಿಕೊಂಡು ಗುಳ್ಳೆ ಏಳುತ್ತದೆ. ಗುಳ್ಳೆಗೆ ಮೊಳೆಯಿಂದ ಚುಚ್ಚಿದರೆ ತೆಳ್ಳನೆಯ ನೀರಿನ ಗೆರೆ ಇಳಿದು ಬರುವುದನ್ನು, ಅದು ಒಣಗಿದ ಮೇಲೆ ಅಲ್ಲಿ ಬಿಳಿ ಉಪ್ಪಿನ ದಾರಿ ಉಳಿಯುವುದನ್ನು ಯಾರು ಬೇಕಾದರೂ ನೋಡಬಹುದು. ದಾರಿ ಮುಚ್ಚಿದ ತೇವ ಸುಮ್ಮನಿರದೆ ಬಣ್ಣವಿಲ್ಲದ ಜಾಗ ಹುಡುಕಿಕೊಂಡು ಇನ್ನೂ ಮೇಲಕ್ಕೆ ಏರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಕೆರೆತ, ಮತ್ತೆ ಪುಟ್ಟಿ, ಮತ್ತೆ 7,920. ಇದು ಹೊಳೆ ಕೊಟ್ಟ ಖರ್ಚಲ್ಲ.

ಗೋಡೆ ಒಣಗಿದೆಯೋ ಇಲ್ಲವೋ ತಿಳಿಯಲು ಯಂತ್ರ ಬೇಕಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ತೇವ ಗೋಡೆಯಿಂದ ಇನ್ನೂ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಅದು ಮನೆಯೊಳಗಿನ ಗಾಳಿಯದ್ದು, ಕಿಟಕಿ ತೆಗೆದಿಟ್ಟರೆ ಹೋಗುತ್ತದೆ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಹೀಗೆ ನೋಡುತ್ತ ಹೋಗುವುದು. ಪೇಂಟ್ ಅಂಗಡಿಯವರು ಇಂಥ ಉಪಾಯ ಹೇಳುವುದಿಲ್ಲ, ಅವರಿಗೆ ಇದರಲ್ಲಿ ವ್ಯಾಪಾರವಿಲ್ಲ. ಒದ್ದೆ ಗೋಡೆಗೆ ಒಂದು ಡಬ್ಬಿ ಕೆಮಿಕಲ್ ಹೊಡೆದರೆ ಸಾಕು ಎಂಬ ಸಲಹೆ ಮಾತ್ರ ಧಾರಾಳವಾಗಿ ಸಿಗುತ್ತದೆ. ನೀರನ್ನು ಒಳಗೆ ಬಿಡದ ಲೇಪ ಒಳಗಿರುವ ನೀರನ್ನು ಹೊರಗೂ ಬಿಡುವುದಿಲ್ಲ. ಒಣಗಿದ ಗೋಡೆಗೆ ಅದು ಒಳ್ಳೆಯ ಸಾಮಾನು, ನೆಂದ ಗೋಡೆಗೆ ಅಲ್ಲ.

ಹಾಗಾದರೆ ದೀಪಾವಳಿಗೆ ಮನೆ ಕರ್ರಗೆ ಇರಬೇಕೇ? ಬೇಕಿಲ್ಲ. ಸುಣ್ಣ ಇದೆಯಲ್ಲ. ಸುಣ್ಣ ಬಳಿದ ಗೋಡೆಯಿಂದ ತೇವ ಆಚೆ ಹೋಗುತ್ತಲೇ ಇರುತ್ತದೆ. ಕ್ಷಾರದ ಗುಣ ಇರುವುದರಿಂದ ಬೂಷ್ಟು ಬೆಳೆಯುವುದೂ ಕಡಿಮೆ. ಉಪ್ಪು ಒಡೆದರೆ ಒಣ ಬ್ರಷ್ಷಿನಿಂದ ಉದುರಿಸಿ ಮತ್ತೊಂದು ಕೈ ಬಳಿದರಾಯಿತು. ಉಪ್ಪನ್ನು ನೀರು ಹಾಕಿ ತೊಳೆಯಬಾರದು, ಕರಗಿ ಮತ್ತೆ ಒಳಗೇ ಹೋಗುತ್ತದೆ. ಮನೆಯವರೇ ಬಳಿದುಕೊಂಡರೆ ಒಂದು ಕೋಣೆಯ ಸುಣ್ಣದ ಖರ್ಚು ಕೆಲವು ನೂರುಗಳಲ್ಲಿ ಮುಗಿಯುತ್ತದೆ. ಸುಣ್ಣದ ಕಲ್ಲು ಅರಳಿಸುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರ ಇರಲಿ, ಅದು ಕೊತಕೊತ ಕುದಿಯುತ್ತದೆ. ಇತ್ತೀಚೆಗೆ ಸುಣ್ಣ ಎಂದರೆ ಬಡವರ ಮನೆಯದು ಎಂಬ ಭಾವನೆ ಬಂದಿದೆ. ಸುಣ್ಣ ಬಿಟ್ಟು ನಾವು ಮಾಡಿಕೊಂಡ ನಷ್ಟ ಎಷ್ಟೆಂದು ಯಾರೂ ಲೆಕ್ಕ ಹಾಕಿಲ್ಲ.

ಮಣ್ಣಿನ ಗೋಡೆಯವರಿಗೆ ಇನ್ನೊಂದು ಮಾತು. ಬುಡ ಕೊರೆದು ಹೋಗಿದೆ ಎಂದು ಅದಕ್ಕೆ ಸಿಮೆಂಟ್ ಗಿಲಾವು ಮಾಡಿಸುವುದು ಈಗ ಎಲ್ಲ ಊರಲ್ಲೂ ಇರುವ ರೂಢಿ. ನೋಡಲು ಗಟ್ಟಿ, ಎರಡು ವರ್ಷ ಸುಖ. ಮಣ್ಣು ನೆಂದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಹೋಗುವುದಿಲ್ಲ, ಮಣ್ಣನ್ನು ಬಿಟ್ಟು ನಿಲ್ಲುತ್ತದೆ. ನಡುವಿನ ಸಂದಿಗೆ ನೀರು ಇಳಿಯುತ್ತದೆ, ಹೊರಗೆ ಬರಲು ದಾರಿಯಿಲ್ಲ. ಮುಂದಿನ ನೆರೆಯಲ್ಲಿ ಸಿಮೆಂಟಿನ ಕವಚದೊಳಗೆ ಗೋಡೆಯ ಬುಡ ಸದ್ದಿಲ್ಲದೆ ರಾಡಿಯಾಗುತ್ತದೆ. ಹೊರಗಿನಿಂದ ಏನೂ ಗೊತ್ತಾಗದಿರುವುದೇ ಇದರಲ್ಲಿ ದೊಡ್ಡ ಅಪಾಯ. ಮಣ್ಣಿಗೆ ಮಣ್ಣು, ಸುಣ್ಣ, ಹೊಟ್ಟು ಕಲಸಿದ ಮೆತ್ತುವಿಕೆಯೇ ಸರಿ. ಹಳಬರು ಮಾಳಿಗೆಗೆ ಕರಲು ಮಣ್ಣು ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ಕರಲಿನಲ್ಲಿ ಸೋಡಿಯಂ ಹೆಚ್ಚು. ಮೊದಲ ಮಳೆ ಬಿದ್ದಾಗ ಅದರ ಜೇಡಿ ಕದಡಿ, ಹಿಗ್ಗಿ, ತನ್ನ ಸಂದುಗಳನ್ನು ತಾನೇ ಮುಚ್ಚಿಕೊಂಡು ಬಿಡುತ್ತದೆ, ಮೇಲಿನ ನೀರು ಜಾರಿ ದೋಣಿಗೆ ಹೋಗುತ್ತದೆ. ಇಂಥ ಮಣ್ಣಿನ ವಿದ್ಯೆ ಗೊತ್ತಿದ್ದ ಊರಿನಲ್ಲಿ ಈಗ ಮಣ್ಣಿನ ಗೋಡೆ ಮೆತ್ತಲು ಆಳು ಸಿಗುವುದಿಲ್ಲ.

ಅವಸರ ಮಾಡಬಾರದ ಇನ್ನೂ ಎರಡು ಜಾಗಗಳಿವೆ. ಒಂದು ಎರೆ ಭೂಮಿಯ ಮೇಲಿನ ಮನೆಯ ಬಿರುಕು. ದಾವಣಗೆರೆ, ಹರಿಹರದ ಕರಿ ಎರೆ ನೀರು ಕುಡಿದರೆ ಉಬ್ಬಿ ತಳಪಾಯವನ್ನೇ ಎತ್ತುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಇಳಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬರುವುದು ಹೀಗೆ. ನೆರೆ ಇಳಿದ ಕೂಡಲೇ ಅದಕ್ಕೆ ಸಿಮೆಂಟು ತುಂಬಿಸಿದರೆ ಬೇಸಿಗೆಗೆ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗುರುತು ಹಾಕಿ, ತಾರೀಖು ಬರೆದು, ಒಂದು ಬೇಸಿಗೆ ಕಾಯುವುದು ಮೇಲು. ಬೆಳೆಯುತ್ತಲೇ ಇದ್ದರೆ ಅದು ಗೌಂಡಿಯ ಕೆಲಸವಲ್ಲ, ಎಂಜಿನಿಯರನ್ನು ಕರೆಸಬೇಕು. ಈ ಸೀಮೆಯ ಹಳೆಯ ಮನೆಯ ಮುಂದೆ ಜೋಳ ತುಂಬಿಡುತ್ತಿದ್ದ ಹಗೇವು ಇತ್ತೇ ಎಂದೂ ಹಿರಿಯರನ್ನು ಕೇಳಿ ನೋಡಿ. ಸಡಿಲವಾಗಿ ಮುಚ್ಚಿದ ಹಗೇವಿಗೆ ನೀರಿಳಿದರೆ ನೆಲ ಕುಸಿಯಬಹುದು, ಅದರ ಮೇಲೆ ನಿಂತ ಗೋಡೆಯ ಬಿರುಕಿಗೆ ಎಷ್ಟು ಸಿಮೆಂಟು ಹಾಕಿದರೂ ತುಂಬುವುದಿಲ್ಲ.

ಇನ್ನೊಂದು ಸಂಪು. ಕೊಳಕು ನೀರು ಹೊಕ್ಕಿದೆ ಎಂದು ಹೊಳೆ ಇಳಿದ ದಿನವೇ ಮೋಟರ್ ಇಟ್ಟು ಖಾಲಿ ಮಾಡುತ್ತಾರೆ. ಸುತ್ತಲಿನ ನೆಲದಲ್ಲಿ ನೀರು ಇನ್ನೂ ತುಂಬಿರುವಾಗ ಖಾಲಿ ತೊಟ್ಟಿಯ ಮೇಲೆ ಹೊರಗಿನ ಒತ್ತಡ ಬಿದ್ದು ಗೋಡೆ ಒಳಕ್ಕೆ ಸೀಳಬಹುದು, ತಳ ಮೇಲಕ್ಕೆ ಏಳಬಹುದು. ನಾಲ್ಕೈದು ದಿನ ಆ ನೀರು ಮುಟ್ಟದೆ ಬಿಟ್ಟು, ಬಾವಿಯ, ಹಳ್ಳದ ಮಟ್ಟ ಇಳಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ತೆಗೆದು, ತೊಳೆದು, ಬ್ಲೀಚಿಂಗ್ ಪೌಡರ್ ಹಾಕುವುದು ಸರಿಯಾದ ಕ್ರಮ. ಹೊಸ ಸಂಪು ಕಟ್ಟಿಸುವ ಖರ್ಚು ಎಷ್ಟೆಂದು ಕಟ್ಟಿಸಿದವರಿಗೆ ಗೊತ್ತು.

ತಡ ಮಾಡಲೇಬಾರದ ಕೆಲಸಗಳೂ ಇವೆ. ಕೆಸರು ಒಣಗುವ ಮೊದಲೇ ತೊಳೆಯಬೇಕು. ನೆಂದ ಹಾಸಿಗೆ, ಪ್ಲೈವುಡ್ ಕಪಾಟು, ಬಟ್ಟೆಗೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ಗಟ್ಟಿ ಮರದ ಬಾಗಿಲು ನೆರಳಿನಲ್ಲಿ ನಿಧಾನಕ್ಕೆ ಒಣಗಿಸಿದರೆ ಉಳಿಯುತ್ತದೆ, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಹೊಟ್ಟಿನ ಹಲಗೆಯ ಕಪಾಟು ಹೋಯಿತೆಂದೇ ತಿಳಿದುಕೊಳ್ಳಿ. ಕರೆಂಟಿನ ಬೋರ್ಡಿಗೆ ನೀರು ಮುಟ್ಟಿದ್ದರೆ ವೈರ್‌ಮನ್ ನೋಡುವವರೆಗೆ ಮೇನ್ ಸ್ವಿಚ್ ಹಾಕಬಾರದು. ದುರಸ್ತಿ ಮಾಡಿಸುವಾಗ ಬೋರ್ಡುಗಳನ್ನು ಎದೆಯೆತ್ತರಕ್ಕಿಂತ ಮೇಲೆ ಏರಿಸಿಕೊಂಡರೆ ಮುಂದಿನ ಸಲದ ಖರ್ಚು ಉಳಿಯುತ್ತದೆ.

ದಾವಣಗೆರೆ ಪೇಟೆಯವರು ನಮಗೇಕೆ ಹೊಳೆಯ ಚಿಂತೆ ಎನ್ನಬಹುದು. ಅವರ ನೀರು ಮೇಲಿನಿಂದ ಬರುತ್ತದೆ. ತಾರಸಿಯಲ್ಲಿ ನಿಂತ ಮಳೆನೀರು, ಮೇಲಿನ ಮನೆಯ ಬಚ್ಚಲು, ಗೋಡೆಯೊಳಗೆ ಒಡೆದ ಪೈಪು. ಆರ್‌ಸಿಸಿಯೊಳಗಿನ ಕಬ್ಬಿಣಕ್ಕೆ ನೀರು ತಾಗಿ ತುಕ್ಕು ಹಿಡಿದರೆ ಆ ತುಕ್ಕು ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಸೀಲಿಂಗಿನ ಕಾಂಕ್ರೀಟು ಉಬ್ಬಿ ಹೆಂಚಿನಂತೆ ಉದುರುವುದು ಅದರಿಂದ. ಕೆಳಗಿನಿಂದ ಪ್ಲಾಸ್ಟರ್ ಮೆತ್ತಿ ಬಣ್ಣ ಹೊಡೆಸಿ ಬಾಡಿಗೆಗೆ ಕೊಡುವ ಮಾಲೀಕರು ಬೇಕಾದಷ್ಟು ಇದ್ದಾರೆ. ಮೇಲಿನ ನೀರು ನಿಲ್ಲಿಸದೆ ಕೆಳಗೆ ಹಾಕಿದ ಒಂದೊಂದು ರೂಪಾಯಿಯೂ ದಂಡ. ಮೊದಲು ತಾರಸಿಗೆ ಇಳಿಜಾರು, ನೀರು ಹೋಗುವ ಪೈಪಿನ ಬಾಯಿ, ಪ್ಯಾರಾಪೆಟ್ ಸಂದಿ ಈ ಮೂರನ್ನು ನೋಡಿಸಬೇಕು.

ಪೇಟೆಯವರಿಗೂ ಹೊಳೆಸಾಲಿನ ಪಕ್ಕಾ ಮನೆಯವರಿಗೂ ಒಂದು ಅನುಕೂಲ ಇದೆ, ಬಳಸುವವರು ಕಡಿಮೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮೆಯ ಕಂಪನಿಗಳು ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿದೆ. ನೆರೆ, ಬಿರುಗಾಳಿ, ಮನೆಯ ನೀರಿನ ತೊಟ್ಟಿ ಅಥವಾ ಪೈಪು ಒಡೆದು ಆದ ಹಾನಿ ಎಲ್ಲ ಅದರಲ್ಲಿ ಸೇರಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇಕಡಾ 20ರಷ್ಟು, ಹತ್ತು ಲಕ್ಷದ ಮಿತಿಯಲ್ಲಿ, ಮನೆಯ ಸಾಮಾನಿಗೂ ತಾನಾಗಿ ಸಿಗುತ್ತದೆ. ಮನೆ ವಾಸಕ್ಕೆ ಬಾರದಂತಾದರೆ ಬೇರೆ ಮನೆಯ ಬಾಡಿಗೆಯೂ ಇದೆ. ಆದರೆ ವರ್ಷಗಟ್ಟಲೆ ಜಿನುಗಿ ಕೆಟ್ಟ ತಾರಸಿ, ಸವೆದು ಹೋದದ್ದು ಇದರಲ್ಲಿ ಬರುವುದಿಲ್ಲ. ಪೈಪು ಒಡೆದ ದಿನವೇ ತಿಳಿಸಿದರೆ ವಿಮೆ, ಆರು ತಿಂಗಳು ಬಕೆಟ್ ಇಟ್ಟುಕೊಂಡು ಕೂತರೆ ಸ್ವಂತ ಖರ್ಚು. ಮನೆ ಸಾಲ ಇರುವವರು ಬ್ಯಾಂಕಿನ ಕಾಗದಗಳನ್ನೊಮ್ಮೆ ತಿರುವಿ ಹಾಕಲಿ, ಸಾಲ ಕೊಡುವಾಗ ಮಾಡಿಸಿದ ಪಾಲಿಸಿ ಅದರಲ್ಲೇ ಇದ್ದರೂ ಇರಬಹುದು.

ವಿಮೆಗಾಗಲಿ ಸರ್ಕಾರದ ಪರಿಹಾರಕ್ಕಾಗಲಿ ಬೇಕಾಗುವ ಸಾಕ್ಷಿ ಒಂದೇ ಬಗೆಯದು. ನೀರು ಇಳಿದ ಕೂಡಲೇ, ತೊಳೆಯುವ ಮುಂಚೆ, ಕೆಸರಿನ ಗೆರೆ ಕಾಣುವಂತೆ ಪ್ರತಿ ಕೋಣೆಯ ಫೋಟೊ ತೆಗೆಯಿರಿ. ಗೆರೆಯ ಪಕ್ಕದಲ್ಲಿ ಅಳತೆ ಟೇಪು ಹಿಡಿದು ಒಂದು, ಮನೆ ನಂಬರು ಕಾಣುವಂತೆ ಹೊರಗಿನಿಂದ ಒಂದು. ಜಂಟಿ ಸಮೀಕ್ಷೆಯವರು ಬಂದು ಹೋದ ಮೇಲೆ ನಿಮ್ಮ ಮನೆಯ ಎದುರು ಎಷ್ಟು ಶೇಕಡಾ ಬರೆದಿದ್ದಾರೆ ಎಂದು ಪಂಚಾಯ್ತಿಯಲ್ಲೋ ಗ್ರಾಮ ಆಡಳಿತ ಅಧಿಕಾರಿಯ ಬಳಿಯೋ ಕೇಳಿ ತಿಳಿದುಕೊಳ್ಳಿ. ಮೂರನೇ ವಾರ ಗೋಡೆ ಬಿದ್ದರೆ ಸಮೀಕ್ಷೆ ಮುಗಿಯಿತಲ್ಲ ಎಂದು ಸುಮ್ಮನೆ ಕೂರಬೇಡಿ. ಬಿದ್ದ ದಿನವೇ ಫೋಟೊ ಸಮೇತ ತಹಶೀಲ್ದಾರರಿಗೆ ಅರ್ಜಿ ಬರೆದು, ಮರುಪರಿಶೀಲನೆ ಆಗಬೇಕೆಂದು ಕೇಳಿ, ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮಣ್ಣಿನ ಗೋಡೆ ಬೀಳುವ ಹೊತ್ತು ಯಾವುದೆಂದು ಈ ಜಿಲ್ಲೆಯ ಎಲ್ಲ ಎಂಜಿನಿಯರರಿಗೂ ಗೊತ್ತು. ಹಾಗಿರುವಾಗ ಹೊಳೆಸಾಲಿನ ಊರುಗಳಿಗೆ ಮೊದಲ ವಾರ ಒಮ್ಮೆ, ತಿಂಗಳು ಕಳೆದು ಇನ್ನೊಮ್ಮೆ ಹೋಗಿ ನೋಡಬೇಕೆಂದು ಸುತ್ತೋಲೆ ಹೊರಡಿಸಲು ಜಿಲ್ಲಾಡಳಿತಕ್ಕೆ ಇರುವ ಅಡ್ಡಿಯಾದರೂ ಏನು? ಮುಂದಿನ ಮುಂಗಾರಿಗೆ ಮೊದಲು ತಾಲ್ಲೂಕು ಕಚೇರಿಯಲ್ಲಿ ನಡೆಯುವ ನೆರೆ ಸಿದ್ಧತೆಯ ಸಭೆಯಲ್ಲಿ ಊರಿನ ಪಂಚಾಯ್ತಿ ಸದಸ್ಯರು ಈ ಪ್ರಶ್ನೆಯನ್ನು ಬರವಣಿಗೆಯಲ್ಲೇ ಕೊಡಬಹುದು.